ಒಂದು ಬಾಕ್ಸ್, ಒಂದು ಗೆರೆ

ಶಾಲೆಯ ಕಚೇರಿಗೋ ಆಸ್ಪತ್ರೆಗೋ ಹೋದಾಗ ಗೋಡೆಯ ಮೇಲೆ ಕಟ್ಟು ಹಾಕಿಸಿ ತೂಗುಹಾಕಿದ ಒಂದು ನಕ್ಷೆಯನ್ನು ನೀವು ನೋಡಿರಬಹುದು. ಮೇಲೊಂದು ಬಾಕ್ಸ್, ಅದರೊಳಗೆ ಅಧ್ಯಕ್ಷರ ಹೆಸರು. ಅಲ್ಲಿಂದ ಕೆಳಗಿಳಿದ ಗೆರೆಗಳು. ಗೆರೆಗಳ ತುದಿಯಲ್ಲಿ ಇನ್ನಷ್ಟು ಬಾಕ್ಸ್‌ಗಳು, ಇನ್ನಷ್ಟು ಹೆಸರುಗಳು. ನಾನೂ ಅಂಥ ನಕ್ಷೆಗಳ ಎದುರು ಕುಳಿತು ನನ್ನ ಸರದಿಗಾಗಿ ಎಷ್ಟೋ ಸಲ ಕಾದಿದ್ದೇನೆ. ಆದರೆ ಅದನ್ನು ಯಾರೋ ಒಬ್ಬರು ಕುಳಿತು ಮಾಡಿರುತ್ತಾರೆ, ಯಾರ ಹೆಸರು ಎಲ್ಲಿ ಬರಬೇಕೆಂದು ತಲೆ ಕೆಡಿಸಿಕೊಂಡಿರುತ್ತಾರೆ ಎಂಬ ಯೋಚನೆ ಮಾತ್ರ ಒಮ್ಮೆಯೂ ಬಂದಿರಲಿಲ್ಲ. 2024ರ ಜನವರಿಯಲ್ಲಿ ಆ ಕೆಲಸ ನನ್ನ ತಲೆಗೇ ಬಂತು.

ನಾನು ಶಿವಮೊಗ್ಗದ ಒಂದು ಸಣ್ಣ ಶಾಲೆಯಲ್ಲಿ ಟೀಚರ್. ಶಾಲೆಗೆ ಇಪ್ಪತ್ತೈದು ವರ್ಷ ತುಂಬಿತ್ತು. ಸ್ಮರಣ ಸಂಚಿಕೆ ತರಬೇಕು, ಅದರಲ್ಲಿ ಸಿಬ್ಬಂದಿಯ ನಕ್ಷೆ ಇರಬೇಕು, ಅದನ್ನೇ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಕಚೇರಿಯಲ್ಲಿ ತೂಗುಹಾಕಬೇಕು ಎಂದು ಆಡಳಿತ ಸಮಿತಿ ತೀರ್ಮಾನಿಸಿತು. "ಟೀಚರ್, ನಿಮಗೆ ಕಂಪ್ಯೂಟರ್ ಬರುತ್ತಲ್ಲ, ನೀವೇ ಮಾಡಿಬಿಡಿ" ಎಂದರು ಕಾರ್ಯದರ್ಶಿಗಳು. ನನಗೆ ಬರುತ್ತಿದ್ದ ಕಂಪ್ಯೂಟರ್ ಎಷ್ಟೆಂದರೆ, ಮದುವೆಗೆ ಮುಂಚೆ ಮೂರು ತಿಂಗಳು ಕಲಿತ ಟೈಪಿಂಗ್ ಮತ್ತು ವರ್ಷಕ್ಕೆ ಮೂರು ಸಲ ತಯಾರಿಸುವ ಪ್ರಶ್ನೆಪತ್ರಿಕೆ. ಆದರೂ ಇಲ್ಲವೆನ್ನಲು ನಾಚಿಕೆಯಾಯಿತು. "ಆಯ್ತು ಸರ್" ಎಂದೆ.

ಮನೆಯಲ್ಲಿ ಇದ್ದದ್ದು ನಮ್ಮವರ ಹಳೆಯ ಲ್ಯಾಪ್‌ಟಾಪ್, ಅದರಲ್ಲಿ ವರ್ಡ್ 2010. ಇಶಾ ಮುಗಿಸಿ, ಅಡುಗೆಮನೆ ಒರೆಸಿ, ರಾತ್ರಿ ಹತ್ತಕ್ಕೆ ಕುಳಿತೆ. ಮೊದಲು ನನಗೆ ಗೊತ್ತಿದ್ದ ರೀತಿಯಲ್ಲೇ ಶುರು ಮಾಡಿದೆ. ಒಂದೊಂದೇ ಚೌಕ ಬರೆದು, ಒಂದೊಂದೇ ಗೆರೆ ಎಳೆದೆ. ಹತ್ತು ಚೌಕವಾಗುವಷ್ಟರಲ್ಲಿ ಒಂದನ್ನು ಸ್ವಲ್ಪ ಸರಿಸಬೇಕಾಯಿತು. ಚೌಕ ಸರಿಯಿತು, ಗೆರೆ ಅಲ್ಲೇ ನಿಂತಿತು! ಗೆರೆ ಸರಿಮಾಡಲು ಹೋದರೆ ಪಕ್ಕದ ಚೌಕ ಕದಲಿತು. ಸ್ವೆಟರ್‌ನ ಒಂದು ಎಳೆ ಎಳೆದರೆ ತೋಳೇ ಬಿಚ್ಚಿಕೊಳ್ಳುವುದಿಲ್ಲವೇ, ಹಾಗೆ. ಹನ್ನೊಂದೂವರೆಗೆ ಸಿಟ್ಟು ಬಂದು ಮುಚ್ಚಿಟ್ಟೆ.

ಮರುದಿನ ಮಗಳು ನೋಡಿ ನಕ್ಕಳು. ಅವಳು ಆಗ ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದಲ್ಲಿದ್ದಳು. "ಅಮ್ಮಿ, ಇದಕ್ಕೆ ಬೇರೆಯೇ ದಾರಿ ಇದೆ" ಎಂದು ತೋರಿಸಿದಳು. ಮೇಲಿನ ಪಟ್ಟಿಯಲ್ಲಿ 'ಇನ್ಸರ್ಟ್' ಒತ್ತಬೇಕು, ಅಲ್ಲಿ 'ಸ್ಮಾರ್ಟ್‌ಆರ್ಟ್', ಅದರೊಳಗೆ 'ಹೈರಾರ್ಕಿ', ಅದರಲ್ಲಿ 'ಆರ್ಗನೈಸೇಶನ್ ಚಾರ್ಟ್'. ಒತ್ತಿದ ಕೂಡಲೇ ಐದು ಬಾಕ್ಸ್‌ಗಳ ಒಂದು ಸಿದ್ಧ ನಕ್ಷೆ ತೆರೆಯಿತು. ಮೇಲೆ ಒಂದು, ಕೆಳಗೆ ಮೂರು, ನಡುವೆ ಪಕ್ಕಕ್ಕೆ ಚಾಚಿಕೊಂಡು ಒಂದು. ಪಕ್ಕದಲ್ಲಿರುವುದು 'ಅಸಿಸ್ಟೆಂಟ್' ಬಾಕ್ಸ್. ಮೇಲಿನವರಿಗೆ ನೆರವಾಗುವವರು, ಆದರೆ ಕೆಳಗಿನವರಿಗೆ ಯಜಮಾನರಲ್ಲ. ನಮ್ಮ ಶಾಲೆಯ ಗುಮಾಸ್ತರಿಗೆ ಅಳತೆ ಕೊಟ್ಟು ಹೊಲಿಸಿದಂತಿತ್ತು ಆ ಜಾಗ.

ನಿಮ್ಮಲ್ಲಿ ಯಾರಾದರೂ ಇಂಥ ಕೆಲಸಕ್ಕೆ ಕುಳಿತರೆ ನನ್ನಂತೆ ಎರಡು ರಾತ್ರಿ ಹಾಳಾಗದಿರಲಿ ಎಂದು ಕೆಲವು ಮಾತು ಹೇಳಿಬಿಡುತ್ತೇನೆ. ಹೆಸರುಗಳನ್ನು ಬಾಕ್ಸ್‌ನೊಳಗೆ ಒಂದೊಂದಾಗಿ ತುಂಬುವುದಕ್ಕಿಂತ, ಪಕ್ಕದಲ್ಲಿ ತೆರೆಯುವ 'ಟೆಕ್ಸ್ಟ್ ಪೇನ್' ಎಂಬ ಪಟ್ಟಿಯಲ್ಲಿ ಬರೆಯುವುದು ಸುಲಭ. ಎಂಟರ್ ಒತ್ತಿದರೆ ಹೊಸ ಬಾಕ್ಸ್ ಬರುತ್ತದೆ. ಟ್ಯಾಬ್ ಒತ್ತಿದರೆ ಆ ಹೆಸರು ಒಂದು ಮೆಟ್ಟಿಲು ಕೆಳಗಿಳಿಯುತ್ತದೆ, ಶಿಫ್ಟ್ ಹಿಡಿದು ಟ್ಯಾಬ್ ಒತ್ತಿದರೆ ಮೇಲೇರುತ್ತದೆ. ಬಾಕ್ಸ್ ಅನ್ನು ಬೇಕೆಂದ ಕಡೆ ಸರಿಸಲು ಅದರ ಅಂಚನ್ನು ಹಿಡಿದು ಎಳೆಯಬೇಕು, ಅಥವಾ ಬಾಣದ ಗುರುತಿನ ಕೀಲಿಗಳನ್ನು ಒತ್ತಬೇಕು. ಕಂಟ್ರೋಲ್ ಕೀಲಿ ಹಿಡಿದು ಬಾಣ ಒತ್ತಿದರೆ ಕೂದಲೆಳೆಯಷ್ಟೇ ಸರಿಯುತ್ತದೆ. ಇಲ್ಲಿ ಗೆರೆ ತಾನಾಗಿಯೇ ಬಾಕ್ಸ್‌ನ ಹಿಂದೆ ಬರುತ್ತದೆ. ಎಲ್ಲವನ್ನೂ ಎಳೆದಾಡಿ ಕೆಡಿಸಿಕೊಂಡರೆ 'ರೀಸೆಟ್ ಗ್ರಾಫಿಕ್' ಒತ್ತಿ, ಬಾಕ್ಸ್‌ಗಳು ತಮ್ಮ ಮೊದಲಿನ ಜಾಗಕ್ಕೆ ಮರಳುತ್ತವೆ.

ಒಂದು ಎಚ್ಚರಿಕೆಯೂ ಇದೆ. ಮೇಲಿನ ಬಾಕ್ಸ್ ಅನ್ನು ಅಳಿಸಿದರೆ ಅದರ ಕೆಳಗಿನ ಮೊದಲ ಹೆಸರು ಆ ಜಾಗಕ್ಕೆ ಏರಿಬಿಡುತ್ತದೆ. ಗೊತ್ತಿಲ್ಲದೆ ಒಮ್ಮೆ ಎಚ್.ಎಂ. ಮೇಡಂ ಬಾಕ್ಸ್ ಅಳಿಸಿದ್ದೆ. ನರ್ಸರಿ ವಿಭಾಗದ ಮುಖ್ಯಸ್ಥೆ ಕ್ಷಣಮಾತ್ರದಲ್ಲಿ ಮುಖ್ಯೋಪಾಧ್ಯಾಯಿನಿಯಾದರು. ಮರುದಿನ ಸ್ಟಾಫ್ ರೂಮಿನಲ್ಲಿ ಹೇಳಿದಾಗ ಅವರೇ ಹೊಟ್ಟೆ ಹಿಡಿದು ನಕ್ಕರು.

ನಮ್ಮ ನಕ್ಷೆಗೆ ಒಟ್ಟು 27 ಬಾಕ್ಸ್ ಬೇಕಿತ್ತು. ಆಡಳಿತ ಸಮಿತಿಗೆ ಒಂದು, ಎಚ್.ಎಂ. ಮೇಡಂಗೆ ಒಂದು, ಗುಮಾಸ್ತರಿಗೆ ಒಂದು. ನರ್ಸರಿ, ಪ್ರಾಥಮಿಕ, ಪ್ರೌಢ ವಿಭಾಗಗಳ ಮುಖ್ಯಸ್ಥರು ಮೂವರು. ಅವರ ಕೆಳಗೆ ಹದಿನಾರು ಜನ ಟೀಚರ್‌ಗಳು. ಇನ್ನು ಆಯಾಗಳು ಇಬ್ಬರು, ಕಾವಲುಗಾರ ಒಬ್ಬರು, ವ್ಯಾನ್ ಚಾಲಕರು ಇಬ್ಬರು. ಈ ಐವರನ್ನು ಎಲ್ಲಿ ಸೇರಿಸುವುದೆಂದು ತಿಳಿಯದೆ ನರ್ಸರಿ ವಿಭಾಗದ ಕೆಳಗೆ ಸುಮ್ಮನೆ ಜೋಡಿಸಿದ್ದೆ.

ತಾನಾಗಿಯೇ ಬಂದ ನಕ್ಷೆಯಲ್ಲಿ ಟೀಚರ್‌ಗಳ ಹೆಸರು ಒಂದರ ಕೆಳಗೊಂದು ಏಣಿಯಂತೆ ತೂಗಿಕೊಂಡಿತ್ತು. ಫೋನಿನಲ್ಲಿ ಫೋಟೋ ತೆಗೆದು ತೋರಿಸಿದ್ದೇ ತಪ್ಪಾಯಿತು. "ನಾನು ಸೀನಿಯರ್, ಅವಳ ಕೆಳಗೆ ನನ್ನನ್ನು ಯಾಕೆ ಹಾಕಿದ್ದೀರಿ?" ಎಂದು ಒಬ್ಬರು ಮುಖ ಊದಿಸಿಕೊಂಡರು. ಗೆರೆ ನೋಡಿ, ಎಲ್ಲರದ್ದೂ ಒಂದೇ ಕಡೆಗೆ ಹೋಗುತ್ತದೆ ಎಂದರೆ ಯಾರು ಕೇಳುತ್ತಾರೆ? ಜಗಳವೇ ಬೇಡವೆಂದು ಎಲ್ಲರನ್ನೂ ಒಂದೇ ಅಡ್ಡ ಸಾಲಿಗೆ ತಂದೆ. ಬಾಕ್ಸ್‌ಗಳು ಕುಗ್ಗಿದವು, ಅಕ್ಷರಗಳೂ ಕುಗ್ಗಿದವು. ಒತ್ತಕ್ಷರಗಳು ಒಂದಕ್ಕೊಂದು ಅಂಟಿ ಇರುವೆ ಸಾಲಿನಂತೆ ಕಾಣತೊಡಗಿದವು. ಒಂದು ಕಡೆ ಸಾಲು ಉದ್ದವಾದರೆ ಇಡೀ ನಕ್ಷೆಯ ಅಕ್ಷರಗಳು ಸಣ್ಣಗಾಗುತ್ತವೆ, ಅಧ್ಯಕ್ಷರ ಬಾಕ್ಸ್‌ನಲ್ಲೂ!

ಅದನ್ನೇ ತೆಗೆದುಕೊಂಡು ಹೋಗಿ ಕಾರ್ಯದರ್ಶಿಗಳಿಗೆ ತೋರಿಸಿದೆ. ಅವರು ಕನ್ನಡಕ ಮೇಲೆ ಸರಿಸಿ, ಕೆಳಗೆ ಸರಿಸಿ ನೋಡಿದರು. "ಓದೋಕೇ ಆಗಲ್ಲವಲ್ಲ ಟೀಚರ್. ಈ ಐದು ತೆಗೆದುಬಿಡಿ, ಆಯಾ, ವಾಚ್‌ಮನ್, ಡ್ರೈವರ್ ಎಲ್ಲ ಯಾಕೆ? ಜಾಗ ಸಾಲಲ್ಲ. ಟೀಚರ್ಸ್ ತನಕ ಸಾಕು" ಎಂದರು.

ನಾನು "ಆಯ್ತು ಸರ್" ಎಂದೆ. ಅಲ್ಲೇ ಕುಳಿತು ಐದು ಬಾಕ್ಸ್ ಅಳಿಸಿದೆ. ಉಳಿದ ಅಕ್ಷರಗಳು ಸ್ವಲ್ಪ ಹಿಗ್ಗಿದವು. ನಿಮ್ಮ ಮುಂದೆ ಸುಳ್ಳು ಯಾಕೆ ಹೇಳಲಿ? ನನಗೆ ಬೇಸರವಾಗಲಿಲ್ಲ. ಕೆಲಸ ಹಗುರವಾಯಿತೆಂದು ಸಮಾಧಾನವೇ ಆಯಿತು.

ಆ ವಾರದಲ್ಲೇ ಒಂದು ದಿನ ಮಧ್ಯಾಹ್ನದ ಗಂಟೆ ಹೊಡೆದ ಮೇಲೆ ನೀರಿನ ಟ್ಯಾಂಕಿನ ಪಕ್ಕದ ಮೆಟ್ಟಿಲ ಮೇಲೆ ನಮ್ಮ ಖಾಲಾ ಕುಳಿತಿರುವುದು ಕಂಡಿತು. ಖಾಲಾ ಎಂದರೆ ನಮ್ಮ ಹಿರಿಯ ಆಯಾ. ಮಕ್ಕಳಿಗೂ ಖಾಲಾ, ಟೀಚರ್‌ಗಳಿಗೂ ಖಾಲಾ, ಕಾರ್ಯದರ್ಶಿಗಳಿಗೂ ಖಾಲಾ. ನರ್ಸರಿ ಮಕ್ಕಳ ಮೂಗು ಒರೆಸುವುದರಿಂದ ಹಿಡಿದು ಸ್ಟಾಫ್ ರೂಮಿಗೆ ಚಹಾ ತರುವವರೆಗೆ ಎಲ್ಲ ಅವರದ್ದೇ. ದುಪಟ್ಟಾದಿಂದ ಕಿವಿ ಮುಚ್ಚಿಕೊಂಡು ಗೋಡೆಗೆ ಒರಗಿದ್ದರು. ಹಣೆ ಮುಟ್ಟಿದೆ, ಸುಡುತ್ತಿತ್ತು.

"ಇಷ್ಟು ಜ್ವರ ಇಟ್ಕೊಂಡು ಯಾಕೆ ಬಂದ್ರಿ ಖಾಲಾ? ರಜೆ ಕೇಳಬಾರದಿತ್ತಾ?" ಎಂದೆ.

"ಯಾರನ್ನ ಕೇಳಲಿ ಟೀಚರ್?" ಎಂದರು. ದೂರಿನ ದನಿಯಲ್ಲಿ ಅಲ್ಲ, ನಿಜವಾಗಿಯೂ ಗೊತ್ತಿಲ್ಲದೆ ಕೇಳಿದಂತೆ. ಸ್ವಲ್ಪ ಹೊತ್ತು ಬಿಟ್ಟು ಮೆಲ್ಲಗೆ ಸೇರಿಸಿದರು. "ಹೋದ ಸಲ ಹೇಳಿಯೇ ಹೋಗಿದ್ದೆ. ಆದ್ರೂ ಎರಡು ದಿನದ ಸಂಬಳ ಹಿಡ್ಕೊಂಡ್ರು."

"ಯಾರಿಗೆ ಹೇಳಿದ್ರಿ?"

ಅವರು ನನ್ನ ಮುಖ ನೋಡಿದರು. ನಂತರ ನೆಲ ನೋಡಿದರು. ಆಗ ನೆನಪಾಯಿತು. ಅರ್ಧವಾರ್ಷಿಕ ಪರೀಕ್ಷೆಯ ಗಡಿಬಿಡಿಯಲ್ಲಿ ಕಾರಿಡಾರಿನಲ್ಲಿ ಅಡ್ಡ ನಿಂತು "ಟೀಚರ್, ಎರಡು ದಿನ ಬರಲ್ಲ, ಸ್ವಲ್ಪ ಹೇಳಿಬಿಡಿ" ಎಂದಿದ್ದರು. ನಾನು "ಹ್ಞೂಂ ಖಾಲಾ" ಎಂದಿದ್ದೆ. ಯಾರಿಗೂ ಹೇಳಿರಲಿಲ್ಲ. ಮರೆತೇಬಿಟ್ಟಿದ್ದೆ. ಅವರು ಮೂರು ತಿಂಗಳಿಂದ ನನಗೆ ಚಹಾ ತಂದುಕೊಡುತ್ತಿದ್ದರು, ಒಂದು ಮಾತೂ ಆಡಿರಲಿಲ್ಲ.

ವ್ಯಾನಿನಲ್ಲಿ ಅವರನ್ನು ಮನೆಗೆ ಕಳಿಸಿ ತರಗತಿಗೆ ಹೋದೆ. ಪಾಠ ತಲೆಗೆ ಹತ್ತಲಿಲ್ಲ. ಆ ರಾತ್ರಿ ಮತ್ತೆ ಲ್ಯಾಪ್‌ಟಾಪ್ ತೆರೆದೆ. ಅಳಿಸಿದ್ದನ್ನು ವಾಪಸು ತರುವ ಕಂಟ್ರೋಲ್ ಝಡ್ ಒತ್ತಿದೆ. ಏನೂ ಬರಲಿಲ್ಲ. ಸೇವ್ ಮಾಡಿ ಮುಚ್ಚಿಟ್ಟ ಕಡತದಲ್ಲಿ ಹಿಂದಿನದು ಮರಳಿ ಬರುವುದಿಲ್ಲ. ಆ ಐದು ಬಾಕ್ಸ್‌ಗಳನ್ನು ಹೊಸದಾಗಿ ಸೇರಿಸಬೇಕಿತ್ತು.

ಮೊದಲ ಬಾಕ್ಸ್‌ಗೇ ಬೆರಳು ನಿಂತಿತು. ಖಾಲಾರ ಹೆಸರೇನು? ಹಿಂದಿನ ಸಲ ಬರೀ 'ಆಯಾ' ಎಂದು ಬರೆದಿದ್ದೆ. ಟೀಚರ್‌ಗಳ ಬಾಕ್ಸ್‌ಗಳಲ್ಲಿ ಹೆಸರಿನ ಮುಂದೆ ಬಿ.ಎ., ಬಿ.ಎಡ್. ಕೂಡ ಇತ್ತು. ಮರುದಿನ ಗುಮಾಸ್ತರ ಬಳಿ ವೇತನ ಪುಸ್ತಕ ಕೇಳಿ ನೋಡಿದೆ. ಎಷ್ಟು ಚೆಂದದ ಹೆಸರು ಗೊತ್ತೇ! ಅವರನ್ನು ಕೇಳದೆ ಇಲ್ಲಿ ಬರೆಯುವುದು ಸರಿಯಲ್ಲವೆಂದು ಬಿಟ್ಟಿದ್ದೇನೆ.

ಎರಡನೆಯ ಪ್ರಶ್ನೆ ಗೆರೆಯದ್ದು. ಈ ನಕ್ಷೆಯಲ್ಲಿ ತೀರಾ ಮೇಲಿನ ಸಾಲಿನದಲ್ಲದ ಬಾಕ್ಸ್ ಒಂದನ್ನು ಸುಮ್ಮನೆ ತೇಲಿಬಿಡಲು ಆಗುವುದಿಲ್ಲ. ಯಾರದಾದರೂ ಕೆಳಗೆ ಸೇರಿಸಲೇಬೇಕು, ಅದೂ ಒಬ್ಬರ ಕೆಳಗೆ ಮಾತ್ರ. ಒಂದು ಬಾಕ್ಸ್‌ನಿಂದ ಮೇಲಕ್ಕೆ ಎರಡು ಗೆರೆ ಬೇಕಾದರೆ ಎರಡನೆಯದನ್ನು 'ಶೇಪ್ಸ್'ನಿಂದ ನಾವೇ ಎಳೆಯಬೇಕು. ಎರಡು ವಿಭಾಗಗಳಲ್ಲೂ ಪಾಠ ಮಾಡುವ ಉರ್ದು ಟೀಚರ್‌ಗೆ ನಾನು ಹಾಗೆ ಒಂದು ಚುಕ್ಕಿ ಗೆರೆ ಎಳೆದೆ. ಆದರೆ ಬಾಕ್ಸ್ ಸರಿಸಿದರೆ ಆ ಗೆರೆ ಹಿಂಬಾಲಿಸುವುದಿಲ್ಲ, ಆದ್ದರಿಂದ ಅದನ್ನು ಕಟ್ಟಕಡೆಗೆ ಎಳೆಯಬೇಕು. ಖಾಲಾರಿಗಾದರೋ ಹಾಗೆ ಎಷ್ಟು ಗೆರೆ ಎಳೆಯಲಿ? ಸ್ಟಾಫ್ ರೂಮಿನಲ್ಲಿ ಕೇಳಿದೆ, "ಖಾಲಾ ಯಾರ ಕೆಳಗೆ ಬರ್ತಾರೆ?" "ನಾವು ಹೇಳಿದ್ದು ಮಾಡ್ತಾರಲ್ಲ" ಎಂದರು ಎಲ್ಲರೂ. "ರಜೆ ಕೊಡೋದು ಯಾರು?" ಎಂದೆ. ಒಬ್ಬರು ಗುಮಾಸ್ತರೆಂದರು, ಒಬ್ಬರು ಕಾರ್ಯದರ್ಶಿಗಳೆಂದರು. ಉಳಿದವರು ಸುಮ್ಮನಿದ್ದರು. ಕೆಲಸ ಹೇಳಲು ಇಪ್ಪತ್ತು ಜನ, ಕಷ್ಟ ಕೇಳಲು ಒಬ್ಬರೂ ಇಲ್ಲ.

ಮನೆಯಲ್ಲಿ ಮಗಳಿಗೆ ಇದನ್ನು ಹೇಳಿದಾಗ ಅವಳು ಪಠ್ಯಪುಸ್ತಕ ತಂದಳು. ಹೆನ್ರಿ ಫೆಯೋಲ್ ಎಂಬ ಫ್ರೆಂಚ್ ಗಣಿ ಇಂಜಿನಿಯರ್ ಆಡಳಿತಕ್ಕೆ 14 ಸೂತ್ರಗಳನ್ನು ಹೇಳಿದ್ದಾರಂತೆ, 1916ರಲ್ಲಿ. ಅದರಲ್ಲಿ ಒಂದು, ಒಬ್ಬ ಕೆಲಸಗಾರನಿಗೆ ಆದೇಶ ಕೊಡುವವರು ಒಬ್ಬರೇ ಇರಬೇಕು ಎಂಬುದು. ಅಷ್ಟಕ್ಕೇ ಬಿಡದೆ ಅವಳು ಇಂಟರ್‌ನೆಟ್‌ನಲ್ಲಿ ಒಂದು ಹಳೆಯ ಚಿತ್ರ ಹುಡುಕಿ ತೋರಿಸಿದಳು. 1855ರಲ್ಲಿ ಅಮೆರಿಕದ ನ್ಯೂಯಾರ್ಕ್ ಅಂಡ್ ಈರಿ ರೈಲ್ವೆಯ ಸೂಪರಿಂಟೆಂಡೆಂಟ್ ಡೇನಿಯಲ್ ಮೆಕಾಲಮ್ ಮಾಡಿಸಿದ ನಕ್ಷೆ ಅದು. ಇಂದಿನ ಸಿಬ್ಬಂದಿ ನಕ್ಷೆಗಳಿಗೆಲ್ಲ ಅದನ್ನೇ ಮೊದಲನೆಯದೆಂದು ಹೇಳುತ್ತಾರೆ. ನೂರಾರು ಮೈಲಿ ಉದ್ದದ ರೈಲು ದಾರಿಯಲ್ಲಿ ಯಾರು ಯಾರಿಗೆ ವರದಿ ಮಾಡಬೇಕೆಂಬ ಗೊಂದಲ ತಪ್ಪಿಸಲು ಅದನ್ನು ಬರೆಸಿದ್ದರು. ನಾನು ಬೆರಗಾಗಿದ್ದು ಬೇರೆ ಕಾರಣಕ್ಕೆ. ಆ ನಕ್ಷೆ ಒಂದು ಗಿಡದಂತಿದೆ. ಅದರಲ್ಲಿ ನಿರ್ದೇಶಕರು, ಅಧ್ಯಕ್ಷರು ಮೇಲೆ ಇಲ್ಲ, ಬುಡದಲ್ಲಿದ್ದಾರೆ! ಸ್ಟೇಷನ್ನಿನವರು, ರೈಲಿನಲ್ಲಿ ದುಡಿಯುವವರು ಕೊಂಬೆಗಳಲ್ಲಿ ಹರಡಿದ್ದಾರೆ. ದೊಡ್ಡವರು ಮೇಲೇ ಇರಬೇಕೆಂಬುದು ನಾವು ರೂಢಿ ಮಾಡಿಕೊಂಡದ್ದು ಅಷ್ಟೇ.

ಎಚ್.ಎಂ. ಮೇಡಂ ಬಳಿ ಹೋಗಿ ಎಲ್ಲ ಹೇಳಿದೆ. ನಾನು ಮರೆತದ್ದನ್ನೂ ಹೇಳಿದೆ. ಹೇಳುವಾಗ ನಾಲಿಗೆ ಒಣಗಿತ್ತು. ಖಾಲಾರ ಎರಡು ದಿನದ ಸಂಬಳ ನಾನೇ ಕೊಡುತ್ತೇನೆ ಎಂದೆ. ಮೇಡಂ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನೀವು ಕೊಟ್ಟರೆ ಅದು ದಾನ ಆಗುತ್ತೆ. ಅದು ಅವರ ಹಕ್ಕು, ಶಾಲೆಯೇ ಕೊಡಬೇಕು" ಎಂದು ಗುಮಾಸ್ತರನ್ನು ಕರೆದು ಮುಂದಿನ ತಿಂಗಳು ಸೇರಿಸಿ ಕೊಡಲು ಹೇಳಿದರು. ನಂತರ ನನ್ನ ಕಡೆ ತಿರುಗಿ, "ಆ ಐದೂ ಜನರನ್ನು ನನ್ನ ಕೆಳಗೇ ಹಾಕಿ, ನೇರವಾಗಿ. ರಜೆ ನನ್ನನ್ನೇ ಕೇಳಲಿ" ಎಂದರು.

ಗೆರೆ ಸಿಕ್ಕಿತು. ಆದರೆ ಜಾಗ? ಮತ್ತೆ 27 ಬಾಕ್ಸ್, ಮತ್ತೆ ಇರುವೆ ಸಾಲು. ಎ4 ಹಾಳೆಯನ್ನು ಅಡ್ಡಲಾಗಿ ತಿರುಗಿಸಿದೆ, ನಕ್ಷೆಯ ಹೊರ ಅಂಚು ಹಿಡಿದು ಹಾಳೆಯಷ್ಟಗಲಕ್ಕೆ ಎಳೆದೆ. ಆದರೂ ಸಾಲಲಿಲ್ಲ. ನಮ್ಮ ಅತ್ತೆ ತಸ್ಬೀಹ್ ಹಿಡಿದು ಪಕ್ಕದ ದಿವಾನದ ಮೇಲೆ ಕುಳಿತು ನನ್ನ ಪರದಾಟ ನೋಡುತ್ತಿದ್ದರು. ಅವರಿಗೆ ಕಂಪ್ಯೂಟರ್ ಎಂದರೆ ಅಷ್ಟಕ್ಕಷ್ಟೇ.

"ಎಲ್ಲರನ್ನೂ ಒಂದೇ ಸಾಲಿಗೆ ಕೂರಿಸಿದರೆ ಜಾಗ ಎಲ್ಲಿಂದ ಬರಬೇಕು?" ಎಂದರು. "ದಾವತ್ ದಿನ ಹಾಲ್‌ನಲ್ಲಿ ಏನು ಮಾಡ್ತೀವಿ? ನಡುವೆ ದಸ್ತರ್ಖಾನ್ ಹಾಸಿ ಎರಡೂ ಕಡೆ ಎದುರುಬದುರು ಕೂರಿಸ್ತೀವಿ. ಹಾಗೆ ಕೂರಿಸು."

ನಾನು ನಕ್ಕೆ. ಆದರೆ ಮಗಳು ನಗಲಿಲ್ಲ. "ಅಮ್ಮಿ, ದಾದಿ ಹೇಳಿದ್ದು ಇದರಲ್ಲಿದೆ!" ಎಂದು ಪ್ರೌಢ ವಿಭಾಗದ ಮುಖ್ಯಸ್ಥರ ಬಾಕ್ಸ್ ಒತ್ತಿ, ಮೇಲೆ 'ಡಿಸೈನ್'ನಲ್ಲಿ 'ಲೇಔಟ್' ಎಂಬುದನ್ನು ತೆರೆದಳು. ಅದರಲ್ಲಿ ನಾಲ್ಕು ಬಗೆ. 'ಸ್ಟ್ಯಾಂಡರ್ಡ್' ಎಂದರೆ ಎಲ್ಲರೂ ಒಂದೇ ಅಡ್ಡ ಸಾಲಿನಲ್ಲಿ. 'ಲೆಫ್ಟ್ ಹ್ಯಾಂಗಿಂಗ್', 'ರೈಟ್ ಹ್ಯಾಂಗಿಂಗ್' ಎಂದರೆ ಎಡಕ್ಕೋ ಬಲಕ್ಕೋ ಒಂದರ ಕೆಳಗೊಂದು. ನಾಲ್ಕನೆಯದು 'ಬೋತ್'. ಒತ್ತಿದಳು. ನಡುವೆ ಒಂದು ಗೆರೆ ನೇರ ಕೆಳಗಿಳಿಯಿತು, ಅದರ ಎರಡೂ ಕಡೆ ಇಬ್ಬಿಬ್ಬರಂತೆ ಏಳು ಟೀಚರ್‌ಗಳು ಕುಳಿತುಬಿಟ್ಟರು. ಥೇಟ್ ದಸ್ತರ್ಖಾನ್!

ಹೀಗೆ ಮುಖ್ಯಸ್ಥರ ಬಾಕ್ಸ್ ಒಂದೊಂದನ್ನೇ ಆರಿಸಿ 'ಬೋತ್' ಕೊಟ್ಟೆವು. ಅಗಲ ಕುಗ್ಗಿತು, ಅಕ್ಷರ ಹಿಗ್ಗಿತು. ಐವರ ಬಾಕ್ಸ್‌ಗಳನ್ನು ಎಚ್.ಎಂ. ಮೇಡಂ ಕೆಳಗೆ ಸೇರಿಸಿ, ಕಡೆಗೆ ಒಂದೊಂದನ್ನೂ ಹಿಡಿದು ಬಲಗಡೆಯ ಖಾಲಿ ಜಾಗಕ್ಕೆ ಸರಿಸಿದೆ. ಬಾಣದ ಕೀಲಿಯಲ್ಲಿ ಒಂದಿಷ್ಟು ಮೇಲೆ, ಒಂದಿಷ್ಟು ಕೆಳಗೆ. ಗೆರೆಗಳು ಜೊತೆಗೇ ಬಂದವು. ಪ್ರಿಂಟ್ ತೆಗೆದಾಗ 27 ಹೆಸರೂ ಕನ್ನಡಕವಿಲ್ಲದೆ ಓದುವಷ್ಟು ದೊಡ್ಡದಾಗಿತ್ತು. ಅಂದು ಮುಖ ಊದಿಸಿಕೊಂಡಿದ್ದ ಟೀಚರ್‌ಗೆ ಅತ್ತೆಯ ಮಾತನ್ನೇ ಹೇಳಿದೆ. ದಸ್ತರ್ಖಾನಿನ ಆ ತುದಿಯಲ್ಲಿ ಕುಳಿತರೂ ಈ ತುದಿಯಲ್ಲಿ ಕುಳಿತರೂ ಊಟ ಒಂದೇ ತಾನೇ? ಅವರೂ ನಕ್ಕು ಸುಮ್ಮನಾದರು.

ಕಾರ್ಯದರ್ಶಿಗಳಿಗೆ ಹಾಳೆ ಕೊಟ್ಟಾಗ ನನ್ನ ಎದೆ ಡವಡವ ಎನ್ನುತ್ತಿತ್ತು. ತೆಗೆಯಲು ಹೇಳಿದ್ದನ್ನು ಮತ್ತೆ ಹಾಕಿದ್ದೇನಲ್ಲ. ಅವರು ಉದ್ದಕ್ಕೂ ನೋಡಿದರು. "ಓಹ್, ಜಾಗ ಆಯ್ತಲ್ಲ. ಹಾಗಾದ್ರೆ ಇರಲಿ" ಎಂದು ಸಹಿ ಹಾಕಿದರು. ಅಷ್ಟೇ. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಜಾಗವಿಲ್ಲ ಎಂದುಕೊಂಡಿದ್ದರು, ನಾನೂ ನಂಬಿದ್ದೆ. ನಿಜ ಹೇಳಬೇಕೆಂದರೆ ಜಾಗ ಮೊದಲೂ ಇತ್ತು. ಜೋಡಿಸಲು ನಮಗೆ ಬರುತ್ತಿರಲಿಲ್ಲ. ಜೋಡಿಸಲು ಬಾರದಿದ್ದಾಗ ಮೊದಲು ಹೊರಗೆ ಹೋಗುವವರು ಯಾರು ಎಂಬುದನ್ನು ಮಾತ್ರ ಇಬ್ಬರೂ ಯೋಚಿಸಿರಲಿಲ್ಲ.

ನಕ್ಷೆಗೆ ಕಟ್ಟು ಹಾಕಿಸಿ ಕಚೇರಿಯಲ್ಲಿ ತೂಗುಹಾಕಿದ ದಿನ ಖಾಲಾ ಧೂಳು ಒರೆಸುತ್ತಾ ಬಂದರು. ಅವರಿಗೆ ಚಿಕ್ಕಂದಿನಲ್ಲಿ ಕಲಿತ ಉರ್ದು ಅಕ್ಷರ ಗೊತ್ತು, ಕನ್ನಡ ಓದಲು ಬರುವುದಿಲ್ಲ. "ನನ್ನ ಹೆಸರೂ ಇದೆಯಂತೆ, ಯಾವುದು ಟೀಚರ್?" ಎಂದರು. ಅವರ ಬೆರಳು ಹಿಡಿದು ಬಾಕ್ಸ್ ಮೇಲಿಟ್ಟೆ. ಅವರು ಹೆಸರನ್ನು ಹೆಚ್ಚು ಹೊತ್ತು ನೋಡಲಿಲ್ಲ. ಬೆರಳನ್ನು ಗೆರೆಯ ಮೇಲೆ ಮೆಲ್ಲಗೆ ಮೇಲಕ್ಕೆ ಸರಿಸಿದರು.

"ಇದು ಎಲ್ಲಿಗೆ ಹೋಗುತ್ತೆ?"

"ಎಚ್.ಎಂ. ಮೇಡಂ ಹತ್ತಿರ."

"ಮಧ್ಯೆ ಯಾರೂ ಇಲ್ವಾ?"

"ಯಾರೂ ಇಲ್ಲ ಖಾಲಾ."

ಅವರು ತಲೆಯಾಡಿಸಿ, ಗಾಜಿನ ಮೇಲಿದ್ದ ತಮ್ಮ ಬೆರಳ ಗುರುತನ್ನು ಒರೆಸಿ ಹೋದರು. 2024ರ ಜುಲೈಯಲ್ಲಿ ಅವರ ಮಗಳ ಹೆರಿಗೆಯಾಯಿತು. ಖಾಲಾ ನನ್ನ ಬಳಿ ಬರಲಿಲ್ಲ, ಕಾರಿಡಾರಿನಲ್ಲಿ ಯಾರನ್ನೂ ನಿಲ್ಲಿಸಲಿಲ್ಲ. ನೇರವಾಗಿ ಎಚ್.ಎಂ. ಮೇಡಂ ಕೋಣೆಗೆ ಹೋಗಿ ನಾಲ್ಕು ದಿನ ರಜೆ ಕೇಳಿ ಪಡೆದರು. ಆ ತಿಂಗಳ ಸಂಬಳ ಪೂರ್ತಿ ಬಂತು.

ಓದುಗ ಸಹೋದರಿಯರೇ, ನಮ್ಮಲ್ಲಿ ಹೆಚ್ಚಿನವರು ಇಂಥ ನಕ್ಷೆಯನ್ನು ಜೀವನದಲ್ಲಿ ಒಮ್ಮೆಯೂ ಮಾಡಬೇಕಾಗಿ ಬರಲಾರದು. ಆದರೆ ಜಾಗವಿಲ್ಲ ಎಂಬ ಮಾತನ್ನು ನಾವೂ ದಿನವೂ ಕೇಳುತ್ತೇವೆ, ಹೇಳುತ್ತೇವೆ. ಕಾರಿನಲ್ಲಿ ಜಾಗವಿಲ್ಲ, ಆಮಂತ್ರಣ ಪತ್ರದಲ್ಲಿ ಹೆಸರು ಹಾಕಲು ಜಾಗವಿಲ್ಲ, ಮನೆಯ ಮಾತುಕತೆಯಲ್ಲಿ ಅತ್ತಿಗೆಗೋ ನಾದಿನಿಗೋ ಜಾಗವಿಲ್ಲ. ಹಾಗೆ ಹೇಳುವ ಮುಂಚೆ ಒಮ್ಮೆ ಸಾಲನ್ನು ಬದಲಿಸಿ ನೋಡಬಹುದಲ್ಲವೇ? ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುವಾಕೆಗೂ ಮನೆಯ ಎಲ್ಲರೂ ಕೆಲಸ ಹೇಳುತ್ತಿದ್ದೆವು. ಜ್ವರ ಬಂದರೆ ಆಕೆ ಯಾರಿಗೆ ಹೇಳಬೇಕೆಂದು ನಾವು ಎಂದೂ ಮಾತಾಡಿರಲಿಲ್ಲ. ನಕ್ಷೆ ಮುಗಿದ ಮರುದಿನ ಆಕೆಯನ್ನು ಕರೆದು, "ರಜೆ ಬೇಕಾದರೆ ನನಗೇ ಹೇಳು, ಬೇರೆ ಯಾರಿಗೂ ಬೇಡ" ಎಂದು ನನ್ನ ಫೋನ್ ನಂಬರ್ ಕೊಟ್ಟೆ. ಈ ಸಲ ಮರೆಯಬಾರದೆಂದು, ಆಕೆ ಹೇಳಿದ ರಜೆಯನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆಗಿಂದಾಗಲೇ ಬರೆದಿಡುತ್ತೇನೆ.